ತೀರ್ಪಿಗೆ ಮೊದಲು ಮುಹೂರ್ತ

ಪ್ರಶ್ನೆ: ಅಕ್ಕಾ, ನನಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಕೊಳ್ಳೇಗಾಲದಿಂದ ನಮ್ಮ ಮನೆಗೆ ಬಂದ ಅತ್ತಿಗೆಯ ಕೈಲಿ ಇದನ್ನು ಬರೆಸುತ್ತಿದ್ದೇನೆ. ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸದಲ್ಲಿದ್ದೇನೆ. ವಯಸ್ಸು 29. ನಮ್ಮದು ಸಿರುಮುಗೈ ಕಡೆಯ ನೇಕಾರರ ಮನೆತನ. ಸಂಬಂಧದಲ್ಲೇ ಮದುವೆ ಮಾಡಿದ್ದರು, ಹೊಂದಿಕೆಯಾಗಲಿಲ್ಲ. ನಾಲ್ಕು ವರ್ಷದಿಂದ ಬೇರೆ ಇದ್ದೇವೆ. ಆರು ವರ್ಷದ ಮಗಳು ನನ್ನ ಹತ್ತಿರ ಇದ್ದಾಳೆ. ಬೇರೆಯಾದಾಗ ಅಮ್ಮನ ಗುಡಿಯಲ್ಲಿ ಕುಲದ ದೊಡ್ಡವರು ಕೂತು, ನೂರು ರೂಪಾಯಿ ಪತ್ರದಲ್ಲಿ ಬರೆಸಿ ಇಬ್ಬರ ಸಹಿ ಹಾಕಿಸಿದರು. ತಾಳಿ ವಾಪಸು ಕೊಟ್ಟಾಯಿತು. ಈ ಮಾರ್ಚ್‌ನಲ್ಲಿ ಇಬ್ಬರೂ ಒಪ್ಪಿ ಕೋರ್ಟಿಗೆ ಮ್ಯೂಚುವಲ್ ಡೈವೋರ್ಸ್ ಹಾಕಿದ್ದೇವೆ, ವಾಯಿದೆ ಸೆಪ್ಟೆಂಬರಿಗೆ. ಅಷ್ಟರಲ್ಲಿ ಅವಿನಾಶಿ ಕಡೆಯಿಂದ ಒಂದು ಸಂಬಂಧ ಬಂದಿದೆ. ಮಗಳನ್ನೂ ಒಪ್ಪಿದ್ದಾರೆ. ಹುಡುಗನ ತಾಯಿ ಮಾತ್ರ ಆಡಿ ತಿಂಗಳು ಹುಟ್ಟುವ ಮೊದಲೇ ತಾಳಿ ಆಗಬೇಕು ಅನ್ನುತ್ತಾರೆ. ‘ಊರವರೇ ಕೂತು ಬಿಡಿಸಿದ ಮೇಲೆ ಕೋರ್ಟು ಬರೀ ಕಾಗದ. ಗುಡಿಯಲ್ಲಿ ಹತ್ತು ಜನರ ಮುಂದೆ ಸಿಂಪಲ್ಲಾಗಿ ಕಟ್ಟಿಬಿಡೋಣ, ತೀರ್ಪು ಬಂದ ಮೇಲೆ ರಿಜಿಸ್ಟರ್ ಮಾಡಿಸೋಣ’ ಅಂತ ಹುಡುಗನ ಮಾವ ಹೇಳುತ್ತಾರೆ. ಬೇಡ ಅಂದರೆ ಸಂಬಂಧ ತಪ್ಪಿಹೋಗುತ್ತದೆ ಎಂದು ಭಯ. ಕಟ್ಟಿಸಿಕೊಂಡರೆ ಈ ಮದುವೆ ಸಿಂಧುವಾಗುತ್ತದೆಯೇ?

— ತಿರುಪ್ಪೂರಿನ ಓದುಗರು

ಉತ್ತರ: ಇಲ್ಲ, ಆಗುವುದಿಲ್ಲ. ಈ ಆನಿ ತಿಂಗಳಲ್ಲಿ ನೀವು ತಾಳಿ ಕಟ್ಟಿಸಿಕೊಳ್ಳಬೇಡಿ. ಮುಂದಿನದೆಲ್ಲ ಇದಕ್ಕೆ ಕಾರಣ. ನಿಮ್ಮ ಅತ್ತಿಗೆಯಿಂದ ಓದಿಸಿಕೊಳ್ಳಿ.

ಹಿಂದೂ ವಿವಾಹ ಕಾಯ್ದೆ 1955ರದು. ಮದುವೆಯ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಜೀವಂತ ಗಂಡನೋ ಹೆಂಡತಿಯೋ ಇರಬಾರದು ಎಂಬುದು ಅದರ 5ನೇ ಸೆಕ್ಷನ್ನಿನ ಮೊದಲ ಷರತ್ತು. ಅದನ್ನು ಮೀರಿದ ಮದುವೆ 11ನೇ ಸೆಕ್ಷನ್ನಿನ ಪ್ರಕಾರ ಹುಟ್ಟುವಾಗಲೇ ಶೂನ್ಯ. ಆಮೇಲೆ ವಿಚ್ಛೇದನ ಸಿಕ್ಕಿದರೂ ಅದು ಹಿಂದಕ್ಕೆ ಹೋಗಿ ಈ ಮದುವೆಗೆ ಜೀವ ಕೊಡುವುದಿಲ್ಲ. ನಾಲ್ಕು ವರ್ಷ ಬೇರೆ ಇದ್ದೀರಿ, ಮನಸ್ಸು ಮುರಿದಿದೆ, ಊರಿಗೆಲ್ಲ ಗೊತ್ತಿದೆ. ಇಷ್ಟಾದರೂ ಕಾನೂನಿನ ಕಣ್ಣಿಗೆ ನೀವು ಇವತ್ತಿಗೂ ಅವರ ಹೆಂಡತಿಯೇ.

ಇನ್ನು ಆ ನೂರು ರೂಪಾಯಿ ಪತ್ರ. ಹುಡುಗನ ಮಾವ ಅದನ್ನೇ ನಂಬಿ ಮಾತಾಡುತ್ತಿದ್ದಾರೆ, ಅವರ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಸಂಪ್ರದಾಯದಿಂದ ಬಂದ ವಿಚ್ಛೇದನಕ್ಕೆ ಇದೇ ಕಾಯ್ದೆಯ 29ನೇ ಸೆಕ್ಷನ್ ಜಾಗ ಬಿಟ್ಟಿದೆ. ಆದರೆ ಅಂಥ ಸಂಪ್ರದಾಯ ನಿಮ್ಮ ಕುಲದಲ್ಲಿ ಹಿಂದಿನಿಂದ ಎಡೆಬಿಡದೆ ನಡೆದುಬಂದಿದೆ ಎಂದು ಸಾಕ್ಷಿ ಸಮೇತ ರುಜುವಾತು ಮಾಡಬೇಕಾದವರು ಅದನ್ನು ಹೇಳಿಕೊಳ್ಳುವವರು. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2002ರಲ್ಲೂ ತಮಿಳುನಾಡಿನಿಂದ ಹೋದ ಇನ್ನೊಂದರಲ್ಲಿ 2005ರಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ದೊಡ್ಡವರು ಕೂತು ಬರೆಸಿದರು ಎಂಬುದು ಸಂಪ್ರದಾಯಕ್ಕೆ ಸಾಕ್ಷಿಯಾಗುವುದಿಲ್ಲ, ಆ ಒಂದು ದಿನದ ಕೂಟಕ್ಕೆ ಮಾತ್ರ ಸಾಕ್ಷಿ. ನಿಮ್ಮ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಮಾರ್ಚ್‌ನಲ್ಲಿ ನೀವಿಬ್ಬರೂ ಸಹಿ ಮಾಡಿ ಕೊಟ್ಟ ಅರ್ಜಿಯೇ ‘ನಾವು ಗಂಡಹೆಂಡತಿ, ನಮ್ಮ ಮದುವೆಯನ್ನು ಮುರಿದುಕೊಡಿ’ ಎನ್ನುತ್ತದೆ. ಗುಡಿಯಲ್ಲೇ ಮುರಿದಿತ್ತು ಎಂದು ನಾಳೆ ಯಾವ ಬಾಯಲ್ಲಿ ಹೇಳುತ್ತೀರಿ?

ನೋಟರಿ ಮುದ್ರೆ ಹಾಕಿಸಿದ ಪತ್ರಕ್ಕೂ ಇದೇ ಗತಿ. ನೋಟರಿಗಳು ಮದುವೆ ಅಥವಾ ವಿಚ್ಛೇದನದ ಪತ್ರ ಮಾಡಿಕೊಡುವಂತಿಲ್ಲ ಎಂದು ಕೇಂದ್ರ ಕಾನೂನು ಇಲಾಖೆ 2024ರ ಅಕ್ಟೋಬರಿನಲ್ಲಿ ಮತ್ತೆ ತಾಕೀತು ಮಾಡಿದೆ. ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಿ ತಾಲೂಕು ಕಚೇರಿಯಿಂದ ಪಡೆಯುವ ‘ಕೈಬಿಡಲ್ಪಟ್ಟ ಮಹಿಳೆ’ ಸರ್ಟಿಫಿಕೇಟನ್ನು ಡೈವೋರ್ಸ್ ಎಂದುಕೊಂಡವರೂ ಇದ್ದಾರೆ. ಅದು ಸರ್ಕಾರಿ ಸವಲತ್ತಿಗೆ, ಮರುಮದುವೆಗೆ ಅಲ್ಲ. ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ಅಸಿಂಧು ಎಂದರೆ ಅದನ್ನೇ ವಿಚ್ಛೇದನವೆಂದು ಒಪ್ಪಬೇಕೆಂದು ಮಂಗಳೂರಿನ ವಕೀಲ ಕ್ಲಾರೆನ್ಸ್ ಪೈಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರಲ್ಲಿ ಆ ಅರ್ಜಿಯೂ ಬಿತ್ತು. ಪೋಪರ ನ್ಯಾಯಶಾಸ್ತ್ರಕ್ಕೇ ಇಲ್ಲದ ಮಾನ್ಯತೆ ನಮ್ಮ ಗುಡಿಯ ಜಗಲಿಗೆ ಎಲ್ಲಿಂದ ಬರಬೇಕು!

ನಿಮ್ಮ ಅತ್ತಿಗೆ ಕೊಳ್ಳೇಗಾಲದವರು ಎಂದದ್ದಕ್ಕೆ ಒಂದು ಮಾತು ನೆನಪಾಯಿತು. 1956ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯ ತಾಲೂಕೇ. ಎರಡನೇ ಮದುವೆಯನ್ನು ತಡೆದ ಮದ್ರಾಸ್ ಕಾಯ್ದೆ 1949ರದು, ಅಂದರೆ ದೆಹಲಿಯ ಕಾಯ್ದೆಗೂ ಆರು ವರ್ಷ ಮೊದಲಿನದು. ಹಾಗಾಗಿ ನಿಮ್ಮ ತವರಿಗೂ ಅತ್ತಿಗೆಯ ತವರಿಗೂ ಈ ಕಟ್ಟಳೆ ಅಜ್ಜಿಯರ ಕಾಲದ್ದು. ‘ಈಗ ಹೊಸದಾಗಿ ಬಂದ ಕಾನೂನು’ ಎಂದು ಯಾರಾದರೂ ಅಂದರೆ ಇದನ್ನು ಹೇಳಿ.

ಈಗ ‘ಸಿಂಪಲ್ಲಾಗಿ’ ಎಂಬ ಮಾತಿಗೆ ಬರುತ್ತೇನೆ. ನನಗೆ ಹೆಚ್ಚು ಹೆದರಿಕೆ ಇರುವುದು ಅಲ್ಲಿಯೇ. ಪುರೋಹಿತರಿಲ್ಲ, ಹೋಮವಿಲ್ಲ, ಸಪ್ತಪದಿಯಿಲ್ಲ, ಹಾಗಾಗಿ ಕೇಸು ನಿಲ್ಲುವುದಿಲ್ಲ ಎಂಬ ಲೆಕ್ಕ ಹಲವರ ತಲೆಯಲ್ಲಿರುತ್ತದೆ. ಬೇರೆ ರಾಜ್ಯಗಳಲ್ಲಿ ಆ ಲೆಕ್ಕ ನಡೆದದ್ದೂ ಉಂಟು. ಶಾಸ್ತ್ರ ನಡೆದದ್ದು ಸಾಬೀತಾಗಲಿಲ್ಲ ಎಂದು 1965ರಲ್ಲಿ ಮಹಾರಾಷ್ಟ್ರದ ಒಬ್ಬರು ಸುಪ್ರೀಂ ಕೋರ್ಟಿನಲ್ಲಿ ದ್ವಿಪತ್ನಿತ್ವದ ಆರೋಪದಿಂದ ಪಾರಾದರು. ಆದರೆ ನೀವಿರುವುದು ತಮಿಳುನಾಡಿನಲ್ಲಿ. ಇಲ್ಲಿ 1967ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಗೆ 7-ಎ ಎಂಬ ಸೆಕ್ಷನ್ ಸೇರಿದೆ, ಸ್ವಾಭಿಮಾನ ಮದುವೆಯ ಸೆಕ್ಷನ್ ಅದು. ಬಂಧುಗಳೋ ಗೆಳೆಯರೋ ಇದ್ದ ಕಡೆ ಮಾಲೆ ಬದಲಾಯಿಸಿದರೂ, ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಸಾಕು, ಮದುವೆ ನಡೆದಂತೆ. ಪುರೋಹಿತರಿಲ್ಲದೆ ಮದುವೆಯಾಗುವ ಜೋಡಿಗಳಿಗೆ ಗೌರವ ಕೊಟ್ಟ ಒಳ್ಳೆಯ ಕಾನೂನು ಇದು, ಆದರೆ ಅದರ ಇನ್ನೊಂದು ಅಲಗು ನಿಮ್ಮ ಕಡೆಗಿದೆ. 1984ರಲ್ಲಿ ತಿರುತ್ತಣಿ ದೇವಸ್ಥಾನದ ಮಂಟಪದಲ್ಲಿ ನಡೆದ ಒಂದು ಎರಡನೇ ಮದುವೆಯ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸಪ್ತಪದಿ ಇರಲಿಲ್ಲ ಎಂಬ ವಾದವನ್ನು ನ್ಯಾಯಾಲಯ 2001ರಲ್ಲಿ ತಳ್ಳಿಹಾಕಿತು. ಅಂದರೆ ಗುಡಿಯಲ್ಲಿ ಕಟ್ಟುವ ಆ ತಾಳಿ ನಿಮ್ಮನ್ನು ಅಪರಾಧಿ ಮಾಡಲು ಸಾಕಾಗುತ್ತದೆ, ಹೆಂಡತಿ ಮಾಡಲು ಸಾಕಾಗುವುದಿಲ್ಲ.

ಅಪರಾಧ ಎಂದದ್ದು ಹೆದರಿಸಲು ಅಲ್ಲ. ಹಳೆಯ ದಂಡ ಸಂಹಿತೆಯ 494ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82 ಆಗಿದೆ. ಏಳು ವರ್ಷದವರೆಗೆ ಜೈಲು, ದಂಡ. ಮೊದಲ ಮದುವೆಯನ್ನು ಮುಚ್ಚಿಟ್ಟು ಮದುವೆಯಾಗಿದ್ದರೆ ಹತ್ತು ವರ್ಷದವರೆಗೆ. ನೀವು ಏನನ್ನೂ ಮುಚ್ಚಿಟ್ಟಿಲ್ಲ, ಹಾಗಾಗಿ ಆ ಹತ್ತು ವರ್ಷದ ಮಾತು ನಿಮಗಲ್ಲ. ಆದರೆ ಹುಡುಗನಿಗೆ ಎಲ್ಲ ಗೊತ್ತಿರುವುದರಿಂದ ಅವರೂ ನಿಮ್ಮ ಜೊತೆ ಆರೋಪಿಯಾಗಬಹುದು. ಕೋರ್ಟುಗಳು ಇಂಥದ್ದಕ್ಕೆಲ್ಲ ಜೈಲಿಗೆ ಹಾಕುವುದಿಲ್ಲ ಎಂಬ ಧೈರ್ಯವೂ ಬೇಡ. ಮದ್ರಾಸ್ ಹೈಕೋರ್ಟಿನಿಂದ ಹೋದ ಒಂದು ಪ್ರಕರಣದಲ್ಲಿ, ಮೊದಲ ಮದುವೆ ಮುರಿಯುವ ಮೊದಲೇ ಮತ್ತೊಂದು ಮದುವೆಯಾಗಿದ್ದ ಹೆಂಗಸಿಗೂ ಆಕೆಯನ್ನು ಮದುವೆಯಾದವರಿಗೂ ಹೈಕೋರ್ಟ್ ‘ಕೋರ್ಟು ಏಳುವವರೆಗೆ’ ಶಿಕ್ಷೆ ಮತ್ತು ದಂಡ ಹಾಕಿ ಬಿಟ್ಟಿತ್ತು. ಮೊದಲ ಗಂಡ ಬಿಡಲಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಬ್ಬರಿಗೂ ಆರು ತಿಂಗಳ ಜೈಲು ವಿಧಿಸಿತು. ಅವರಿಗೆ ಆರು ವರ್ಷದ ಮಗುವಿತ್ತು. ಅದನ್ನು ನೋಡಿಕೊಳ್ಳಲು ಒಬ್ಬರಾದರೂ ಮನೆಯಲ್ಲಿರಲಿ ಎಂದು, ಮೊದಲು ಗಂಡಸು ಹೋಗಿ ಶಿಕ್ಷೆ ಮುಗಿಸಿ ಬರಲಿ, ಆಮೇಲೆ ಹೆಂಗಸು ಹೋಗಲಿ ಎಂದು ತೀರ್ಪಿನಲ್ಲೇ ಬರೆದರು. ನಿಮ್ಮ ಮಗಳಿಗೂ ಆರು ವರ್ಷವಲ್ಲವೇ?

‘ನನ್ನ ಗಂಡ ಕೇಸು ಹಾಕುವವರಲ್ಲ, ಒಳ್ಳೆಯವರು’ ಎಂದು ನೀವು ಹೇಳಬಹುದು. ಇರಲಿ. ಆದರೆ ಈ ಅಪರಾಧದಲ್ಲಿ ದೂರು ಕೊಡುವ ಹಕ್ಕಿರುವುದು ನೊಂದ ಸಂಗಾತಿಗೆ, ಅಂದರೆ ಅವರಿಗೇ. ಅದಕ್ಕೆ ಕಾಲಮಿತಿಯೂ ಇಲ್ಲ. ಮೂರು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ದೂರಿಗೆ ಗಡುವು, ಇದು ಏಳು ವರ್ಷದ್ದು. ಇವತ್ತು ಒಳ್ಳೆಯವರಾಗಿದ್ದವರು, ನಾಳೆ ಮಗಳ ವಿಷಯಕ್ಕೋ ಒಡವೆ ವಿಷಯಕ್ಕೋ ಮನಸ್ತಾಪ ಬಂದರೆ, ಐದು ವರ್ಷದ ಮೇಲೂ ಮದುವೆಯ ಫೋಟೋ ಹಿಡಿದು ಬರಬಹುದು. ಅಷ್ಟು ದೂರವೂ ಬೇಡ. ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಕೊನೆಯ ತೀರ್ಪು ಬರುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆನಿಯಲ್ಲಿ ನಿಮ್ಮ ಮದುವೆಯಾದ ಸುದ್ದಿ ಯಾರದೋ ವಾಟ್ಸಾಪ್ ಸ್ಟೇಟಸ್ಸಿನಿಂದ ಅವರ ಮನೆಗೆ ತಲುಪಿ, ಸೆಪ್ಟೆಂಬರಿನ ವಾಯಿದೆಗೆ ಅವರು ಬಾರದೇ ಹೋದರೆ? ಮಗಳು ನಿಮ್ಮ ಹತ್ತಿರ ಇರುವುದೂ ಅದೇ ಒಪ್ಪಂದದ ಭಾಗ ಎಂದುಕೊಂಡಿದ್ದೇನೆ. ಆ ತಾಳಿಯ ಜೊತೆಗೆ ನಿಮ್ಮ ಜುಟ್ಟನ್ನೂ ಅವರ ಕೈಗೆ ಕೊಟ್ಟಂತಾಗುತ್ತದೆ.

‘ರಿಜಿಸ್ಟರ್ ಆಮೇಲೆ’ ಎಂಬುದು ಇನ್ನೊಂದು ಬಲೆ. 2009ರ ಕಾಯ್ದೆಯಿಂದ ತಮಿಳುನಾಡಿನಲ್ಲಿ ಎಲ್ಲ ಮದುವೆಗಳ ನೋಂದಣಿ ಕಡ್ಡಾಯ. ಅಲ್ಲಿ ಮದುವೆಯ ದಿನಾಂಕ ಬರೆಯಬೇಕು. ಆನಿಯ ನಿಜವಾದ ದಿನಾಂಕ ಬರೆದರೆ, ಅದು ತೀರ್ಪಿಗಿಂತ ಹಿಂದಿನದೆಂದು ನೀವೇ ಬರೆದುಕೊಟ್ಟಂತೆ. ಬೇರೆ ದಿನಾಂಕ ಬರೆದರೆ ಸುಳ್ಳು ಹೇಳಿಕೆ. ಮೂರನೆಯ ದಾರಿ ಒಂದೇ, ತೀರ್ಪಿನ ನಂತರ ಮತ್ತೊಮ್ಮೆ ಮದುವೆಯಾಗುವುದು. ಹೇಗೂ ಅದೇ ಆಗಬೇಕಾದರೆ ಮೊದಲಿನದು ಯಾಕೆ?

ಇಷ್ಟೆಲ್ಲ ಆದ ಮೇಲೂ ನ್ಯಾಯಾಲಯಗಳು ಇಂಥ ಮದುವೆಯ ಹೆಣ್ಣುಮಕ್ಕಳನ್ನು ಕೈಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳು ಹಿಂದೂ ವಿವಾಹ ಕಾಯ್ದೆಯ 16ನೇ ಸೆಕ್ಷನ್ನಿನ ಪ್ರಕಾರ ಔರಸರೇ. ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆತಾಯಿಗೆ ಬರಬಹುದಾದ ಪಾಲಿನಲ್ಲೂ ಅಂಥ ಮಕ್ಕಳಿಗೆ ಹಕ್ಕುಂಟು ಎಂದು ಸುಪ್ರೀಂ ಕೋರ್ಟ್ ಹೇಳಿತು. ಜೀವನಾಂಶದ ಮಾತು ಬಂದಾಗ 2025ರ ಜನವರಿಯ ತೀರ್ಪೊಂದು ನಿಮ್ಮ ಕಥೆಗೆ ತೀರ ಹತ್ತಿರ. ತೆಲಂಗಾಣದ ಒಬ್ಬ ಹೆಂಗಸು ಮೊದಲ ಗಂಡನಿಂದ ಹೀಗೇ ಒಪ್ಪಂದದ ಪತ್ರ ಬರೆದು ಬೇರೆಯಾಗಿದ್ದರು, ಕೋರ್ಟಿನ ವಿಚ್ಛೇದನ ಇರಲಿಲ್ಲ. ಮತ್ತೆ ಮದುವೆಯಾದರು, ಮಗಳು ಹುಟ್ಟಿದಳು, ಆ ಸಂಸಾರವೂ ಮುರಿಯಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ ಆಕೆಗೆ ಜೀವನಾಂಶ ಕೊಡಿಸಿತು. ಆದರೆ ಈ ಪ್ರಕರಣದಲ್ಲಿ ‘ಇವಳ ಮೊದಲ ಮದುವೆ ಮುರಿದಿಲ್ಲ, ಹಾಗಾಗಿ ಇವಳು ನನ್ನ ಹೆಂಡತಿಯೇ ಅಲ್ಲ’ ಎಂದು ವಾದ ಹೂಡಿದವರು ಯಾರು ಬಲ್ಲಿರಾ? ಎಲ್ಲ ತಿಳಿದೇ ಕೈಹಿಡಿದ ಎರಡನೆಯ ಗಂಡ. ಹೈಕೋರ್ಟ್ ಆ ವಾದವನ್ನು ಒಪ್ಪಿಯೂ ಇತ್ತು. ಆಕೆ ಗೆದ್ದದ್ದು ದೆಹಲಿಯಲ್ಲಿ. ಬನಿಯನ್ ಕಂಪನಿಯ ಸಂಬಳದಲ್ಲಿ ದೆಹಲಿಗೆ ಹೋಗುವ ಸ್ಥಿತಿ ನಿಮಗೆ ಬರುವುದು ಬೇಡ.

ಸಾಕು, ಈಗ ಒಳ್ಳೆಯ ಸುದ್ದಿ. ನೀವು ಹಾಕಿರುವುದು ಒಪ್ಪಿಗೆಯ ಅರ್ಜಿ. ಜಗಳವಾಡಿ ಪಡೆದ ತೀರ್ಪಾದರೆ ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಮೇಲ್ಮನವಿ ಹಾಕಿದ್ದರೆ ಅದು ವಜಾ ಆಗುವವರೆಗೆ ಕಾಯಬೇಕೆಂದು ಹಿಂದೂ ವಿವಾಹ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಇಬ್ಬರೂ ಒಪ್ಪಿ ಪಡೆದ ತೀರ್ಪಿಗೆ ಕುಟುಂಬ ನ್ಯಾಯಾಲಯ ಕಾಯ್ದೆಯಲ್ಲಿ ಮೇಲ್ಮನವಿಯೇ ಇಲ್ಲ. ಹಾಗಾಗಿ ತೀರ್ಪು ಬಂದು ಅದರ ಪ್ರಮಾಣಿತ ಪ್ರತಿ ಕೈಗೆ ಸಿಕ್ಕಿದರೆ ನಿಮ್ಮ ದಾರಿ ತೆರೆದಂತೆ.

ಸೆಪ್ಟೆಂಬರಿನವರೆಗೂ ಕಾಯದಿರುವ ದಾರಿಯೂ ಒಂದಿದೆ. ಒಪ್ಪಿಗೆಯ ಅರ್ಜಿ ಹಾಕಿದ ಮೇಲೆ ಕಾಯಬೇಕಾದ ಆರು ತಿಂಗಳ ಅವಧಿಯನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಒಂದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಬೇರೆ ಇದ್ದಿರಬೇಕು, ರಾಜಿ ಮಾಡಿಸುವ ಯತ್ನ ಸೋತಿರಬೇಕು, ಮಗು, ಜೀವನಾಂಶ, ಒಡವೆಗಳ ವಿಷಯ ಇತ್ಯರ್ಥವಾಗಿರಬೇಕು. ನಾಲ್ಕು ವರ್ಷದಿಂದ ಬೇರೆ ಇರುವ ನಿಮಗೆ ಮೊದಲನೆಯದು ಧಾರಾಳವಾಗಿ ಹೊಂದುತ್ತದೆ. ಇದಕ್ಕೊಂದು ಅರ್ಜಿ ಹಾಕಬಹುದೇ ಎಂದು ನಿಮ್ಮ ವಕೀಲರನ್ನು ಈ ವಾರವೇ ಕೇಳಿ. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಕೊಟ್ಟರೆ ಆವಣಿಯಲ್ಲೇ ಮದುವೆ ಮಾಡಿಕೊಳ್ಳಬಹುದು. ಕೊಡದಿದ್ದರೆ ಸೆಪ್ಟೆಂಬರಿನಲ್ಲಿ ತೀರ್ಪು, ನಡುವೆ ಪುರಟ್ಟಾಸಿ, ಆಮೇಲೆ ಐಪ್ಪಸಿಯ ಮುಹೂರ್ತ. ಆನಿಗೂ ಐಪ್ಪಸಿಗೂ ನಡುವೆ ಇರುವುದು ನಾಲ್ಕು ತಿಂಗಳು. ಹುಡುಗನ ತಾಯಿಯ ಮುಂದೆ ‘ಸೆಕ್ಷನ್ 11’ ಎನ್ನಬೇಡಿ, ಪಂಚಾಂಗ ಬಿಚ್ಚಿ ಐಪ್ಪಸಿಯ ದಿನ ತೋರಿಸಿ. ಮಗನೂ ಕೇಸಿನಲ್ಲಿ ಸಿಕ್ಕಿಕೊಳ್ಳಬಹುದು ಎಂಬುದನ್ನು ನಿಮ್ಮ ಕಡೆಯ ಹಿರಿಯರೊಬ್ಬರು ತಣ್ಣಗೆ ತಿಳಿಸಲಿ. ಆ ಮಾತು ನಿಮ್ಮ ಬಾಯಿಂದ ಬಂದರೆ ಬೆದರಿಕೆಯಂತೆ ಕೇಳಿಸೀತು.

ಅಷ್ಟರವರೆಗೆ ಮಾತು ಗಟ್ಟಿ ಮಾಡಿಕೊಳ್ಳಬೇಕೆಂದರೆ ಎರಡು ಮನೆಯವರು ಕೂತು ವೀಳ್ಯ ಬದಲಾಯಿಸಿಕೊಳ್ಳಲಿ. ಮಾಲೆ, ಉಂಗುರ ಮಾತ್ರ ಬೇಡ. 7-ಎ ಸೆಕ್ಷನ್ ನೆನಪಿದೆಯಲ್ಲ? ಮಾಲೆ ಹಾಕಿಕೊಂಡ ಒಂದು ಫೋಟೋ ಇಟ್ಟುಕೊಂಡು ನಿಶ್ಚಿತಾರ್ಥವನ್ನೇ ಮದುವೆ ಎಂದು ವಾದಿಸಲು ಯಾರಿಗೂ ಅವಕಾಶ ಕೊಡಬೇಡಿ. ನನ್ನ ಕೇಳಿದರೆ ವೀಳ್ಯವನ್ನೂ ತೀರ್ಪಿನ ನಂತರಕ್ಕೇ ಇಡಿ.

ಇದೇ ತೊಡಕಿನಲ್ಲಿರುವ ಬೇರೆ ಓದುಗರಿಗೆ ಎರಡು ಮಾತು. ಎದುರಾಳಿ ಬಾರದೆ ಏಕಪಕ್ಷೀಯ ತೀರ್ಪು ಸಿಕ್ಕವರು ಎಚ್ಚರದಿಂದಿರಿ. ಸಮನ್ಸು ತಲುಪಿರಲಿಲ್ಲ ಎಂದು ಅವರು ಬಂದು ಅದನ್ನು ರದ್ದು ಮಾಡಿಸಬಹುದು. ಜಗಳವಾಡಿ ಪಡೆದ ತೀರ್ಪಾದರೆ, ಹಿಂದೂ ವಿವಾಹ ಕಾಯ್ದೆಯಲ್ಲಿ ಮೇಲ್ಮನವಿಗೆ 90 ದಿನ. ಕುಟುಂಬ ನ್ಯಾಯಾಲಯ ಕಾಯ್ದೆಯಲ್ಲಿ 30 ಎಂದಿದ್ದರೂ 90 ಕಾಯುವುದೇ ಕ್ಷೇಮ. ತಿರುಪ್ಪೂರು, ಕೊಯಮತ್ತೂರಿನ ಕುಟುಂಬ ನ್ಯಾಯಾಲಯದ ಮೇಲ್ಮನವಿ ಚೆನ್ನೈನ ಹೈಕೋರ್ಟಿಗೆ ಹೋಗುತ್ತದೆ, ಪೊಳ್ಳಾಚಿ, ಉಡುಮಲೈಯಂಥ ಕಡೆಯ ಸಬ್ ಕೋರ್ಟಿನದು ಜಿಲ್ಲಾ ನ್ಯಾಯಾಲಯಕ್ಕೆ. ಗಡುವು ಮುಗಿದ ಮೇಲೂ ಇ-ಕೋರ್ಟ್ಸ್ ತಾಣದಲ್ಲಿ ಎದುರಾಳಿಯ ಹೆಸರು ಹಾಕಿ ಒಮ್ಮೆ ಹುಡುಕಿಸಿ. ತೀರ್ಪು ಬಂದ ನಂತರ, ಆದರೆ ಗಡುವಿಗೆ ಮುನ್ನ ಅವಸರಪಟ್ಟು ಮದುವೆಯಾದವರು ಗಾಬರಿಯಾಗಬೇಕಿಲ್ಲ. ಅಂಥ ಮದುವೆ ತಾನಾಗಿ ಶೂನ್ಯವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿ, 2018ರಲ್ಲಿ ಅದೇ ಧಾಟಿಯಲ್ಲಿ ಮತ್ತೆ ತೀರ್ಪಿತ್ತಿದೆ. ಇದು ತೀರ್ಪು ಬಂದವರ ಮಾತು. ತೀರ್ಪೇ ಬಾರದ ನಿಮಗೆ, ತಂಗಿ, ಇದು ಸಲ್ಲುವುದಿಲ್ಲ. ‘ಏಳು ವರ್ಷ ಬೇರೆ ಇದ್ದರೆ ಮದುವೆ ತಾನೇ ಬಿಟ್ಟುಹೋಗುತ್ತದೆ’ ಎಂಬ ನಂಬಿಕೆ ಶುದ್ಧ ತಪ್ಪು. ಏಳು ವರ್ಷದ ಮಾತಿರುವುದು, ಬದುಕಿದ್ದಾರೆಂಬ ಸುದ್ದಿಯೇ ಇಲ್ಲದೆ ಕಾಣೆಯಾದವರ ವಿಷಯದಲ್ಲಿ. ಪಕ್ಕದ ಬೀದಿಯಲ್ಲಿರುವ ಗಂಡ ಕಾಣೆಯಾದವನಲ್ಲ.

ವಕೀಲರ ಫೀಸಿಗೆ ತೊಂದರೆಯಿದ್ದರೆ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ನೆರವು ಉಂಟು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ತೀರ್ಪು ಬಂದ ಮೇಲೆ ಪಿ.ಎಫ್. ನಾಮಿನಿ, ಇ.ಎಸ್.ಐ., ರೇಷನ್ ಕಾರ್ಡುಗಳಲ್ಲಿ ಹಳೆಯ ಹೆಸರು ಉಳಿದಿದೆಯೇ ನೋಡಿ ಬದಲಾಯಿಸಿ. ಇದನ್ನು ಜನ ಮರೆಯುತ್ತಾರೆ.

ಕೊನೆಗೆ, ನಿಮ್ಮ ಪತ್ರದಲ್ಲಿ ಹುಡುಗನ ತಾಯಿ ಮಾತಾಡಿದ್ದಾರೆ, ಮಾವ ಮಾತಾಡಿದ್ದಾರೆ. ಮದುವೆಯಾಗುವ ಹುಡುಗನ ಒಂದು ಮಾತೂ ಇಲ್ಲ. ಅವರಿಗೆ ಅವಸರವಿದೆಯೋ, ಅವರ ಮನೆಯವರಿಗೆ ಮಾತ್ರ ಇದೆಯೋ? ಒಂದು ಭಾನುವಾರ ಅತ್ತಿಗೆಯನ್ನು ಜೊತೆಗೆ ಕರೆದುಕೊಂಡು ಹೋಗಿ, ಮಾವನನ್ನು ನಡುವೆ ಇಟ್ಟುಕೊಳ್ಳದೆ ಅವರೊಂದಿಗೇ ಮಾತಾಡಿ. ಕೋರ್ಟಿನ ಕಾಗದಗಳನ್ನು ತೋರಿಸಿ, ಐಪ್ಪಸಿವರೆಗೆ ಕಾಯುತ್ತೀರಾ ಎಂದು ನೇರವಾಗಿ ಕೇಳಿ. ಅವರು ಏನು ಹೇಳಿದರೆಂದು ನನಗೂ ಬರೆಸಿ.